ಬೀಗರ ಮನೆ ನೋಡಲು

ಕೋಳಿ ಬೇಕಾ ಎಂದು ಕೇಳಲೇ ಇಲ್ಲವಲ್ಲ ಈ ಹೆಂಗಸು — ಕೋಳಿ ಸಾರು, ಕಡುಬು ಎಂದು ಗೇಟಿನ ಬೋರ್ಡಿನಲ್ಲೇ ಬರೆದಿದೆ, ನಿನ್ನೆ ಪಕ್ಕದ ಕೋಣೆಯ ಮಂಗಳೂರಿನವರಿಗೆ ಬಡಿಸಿದ್ದೂ ಅದನ್ನೇ, ನನಗೂ ತಮ್ಮ ಷಡಕ್ಷರಿಗೂ ಮಾತ್ರ ಕೇಳದೆಯೇ ಹೆಸರುಕಾಳಿನ ಸಾರು. ಏಕೆ? ನೆಮ್ಮಾರಿನ ಈ ಹೋಂಸ್ಟೇಗೆ ಫೋನ್ ಮಾಡಿದಾಗ ನನ್ನ ಹೆಸರು ನೀಲಾಂಬಿಕೆ ಎಂದೂ ಹೇಳಿಲ್ಲ, ಊರು ಬಾಳೆಹೊನ್ನೂರು ಎಂದೂ ಹೇಳಿಲ್ಲ, ಲಲಿತಾ, ಶಿವಮೊಗ್ಗ, ನ್ಯಾಷನಲ್ ಪಾರ್ಕ್ ನೋಡಬೇಕು, ಅಷ್ಟೇ; ಶೃಂಗೇರಿಯಲ್ಲಿ ಬಸ್ಸಿಳಿಯುವ ಮುಂಚೆ ಕೊರಳಲ್ಲಿರುವ ಲಿಂಗದ ಕರಡಿಗೆ ಕಾಣದಂತೆ ಸೆರಗು ಹೊದ್ದುಕೊಂಡೆ, ಐವತ್ತೆಂಟು ವರ್ಷದಲ್ಲಿ ಮೊದಲ ಸಲ, ಕಳ್ಳಿಯ ಹಾಗೆ. ಮಗಳು ಸೇರುತ್ತೇನೆನ್ನುವ ಮನೆಗೆ ಹೇಳಿ ಹೋದರೆ ಏನು ಕಾಣುತ್ತದೆ, ಗುಡಿಸಿದ ಅಂಗಳ, ನಗುಮುಖ. ಹೇಳದೆ ಹೋಗಬೇಕು, ನನ್ನನ್ನು ಕೊಡುವಾಗ ನಮ್ಮಪ್ಪನೂ ಎತ್ತಿನ ವ್ಯಾಪಾರವೆಂದು ನರಸಿಂಹರಾಜಪುರಕ್ಕೆ ಹೋಗಿ ಅವರ ಮನೆಯನ್ನೆಲ್ಲ ನೋಡಿಕೊಂಡು ಬಂದಿದ್ದ. ಹುಡುಗ ಧರ್ಮೇಶ ಜೀಪು ಚೆನ್ನಾಗಿ ಓಡಿಸುತ್ತಾನೆ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಅದೇ ಅನುಮಾನ. ಅವನ ತಾಯಿ ಶೇಷಮ್ಮ ಯಾರ ಪೈಕಿ ಎಂದು ಒಮ್ಮೆಯೂ ಕೇಳಿಲ್ಲ, ಮಲೆನಾಡಿನಲ್ಲಿ ಹಾಗೆ ಕೇಳದ ಹೆಂಗಸರುಂಟೇ. ಷಡಕ್ಷರಿ ಬಾಯಿಬಿಟ್ಟಿರಬೇಕು, ಬೆಳಿಗ್ಗೆಯೇ ಜೀಪು ಹತ್ತಿ ಕಾಡಿಗೆ ಹೋಗಿದ್ದಾನೆ, ನೀನೂ ಬಾರೇ ಅಕ್ಕ, ಎಂತ ಚಂದ ಇದೆ — ಅವನನ್ನು ಕರೆತಂದದ್ದೇ ತಪ್ಪು. ಸಂಜೆ ಕೊಪ್ಪದಲ್ಲಿ, ಬ್ಯಾಂಕು ಬಿಟ್ಟ ಮೇಲೆ, ಮಗಳು ಮೇಘನ ಕಾಯುತ್ತಾಳೆ, ನೀ ಬೇಡ ಅಂದ್ರೆ ಬಿಟ್‌ಬಿಡ್ತೀನಿ ಅಮ್ಮ ಎಂದಿದ್ದಾಳೆ, ಬೇಡ ಎನ್ನಲು ಕಾರಣವೂ ಸಿದ್ಧವಾಗಿದೆ: ಆ ಮನೆ ಸೇರಿದರೆ ನಿನ್ನ ಲಿಂಗಪೂಜೆ ಹೋಯಿತು. ಇದ್ದರೆ ತಾನೇ ಹೋಗುವುದು, ಕೆಲಸ ಸಿಕ್ಕ ಮೇಲೆ ಊರಿಗೆ ಬಂದಾಗಲೂ ಪೂಜೆಗೆ ಕೂತವಳಲ್ಲ, ಟೈಮಿಲ್ಲ ಅಮ್ಮ.

ಸ್ನಾನ ಆಯ್ತಾ ಅಮ್ಮಾ — ಬಾಗಿಲಲ್ಲಿ ಶೇಷಮ್ಮ — ಒಳಗೆ ಮಣೆ ಹಾಕಿದೀನಿ, ಪೂಜೆ ಮುಗಿಸ್ಕಣಿ, ಕಡುಬು ಆಮೇಲೆ ಬಡಿಸ್ತೀನಿ. ಯಾವ ಪೂಜೆ, ಎಂದೆ, ಸೆರಗು ಇನ್ನಷ್ಟು ಎಳೆದುಕೊಂಡೆ. ಲಿಂಗಪೂಜೆ ಆಗದೆ ನೀವು ತಿನ್ನಲ್ಲ ಅಂತ ಮೇಘನ ಹೇಳಿದಾಳಲ್ಲ, ಮುಖ ಅವಳದ್ದೇ, ಗೇಟಲ್ಲೇ ಗುರ್ತು ಹಿಡಿದೆ, ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಹೇಳಿದ್ದಾಳೆಂದರೆ ಯಾವಾಗ, ಆ ಮನೆ ಮೆಟ್ಟಿಲೂ ತುಳಿದಿಲ್ಲ ಎಂದು ನನ್ನ ಮುಂದೆ ಆಣೆ ಮಾಡಿದವಳು — ಒಳಗೆ ಹೋದೆ, ಮಣೆ, ತಂಬಿಗೆ ನೀರು, ಬಿಲ್ವಪತ್ರೆ, ಇರಲಿ, ಇದೆಲ್ಲ ಇವತ್ತು ನನ್ನನ್ನು ಒಲಿಸಿಕೊಳ್ಳಲು ಇಟ್ಟದ್ದು, ಬುದ್ಧಿವಂತೆ, ಆದರೆ ತಟ್ಟೆಯಲ್ಲಿ ವಿಭೂತಿ ಗಟ್ಟಿ, ಹೊಸದಲ್ಲ, ಅರ್ಧ ಸವೆದದ್ದು, ಮೇಲೆ ಬೆರಳು ಉಜ್ಜಿ ಉಜ್ಜಿ ಬಿದ್ದ ಮೂರು ಗುಣಿ, ಈ ಮನೆಯಲ್ಲಿ ಇದನ್ನು ಹಚ್ಚಿಕೊಳ್ಳುವವರು ಯಾರಿದ್ದಾರೆ, ಇಷ್ಟು ಸವೆಯಲು ಎಷ್ಟು ಬೆಳಗು ಬೇಕು, ನನ್ನ ಮನೆಯಲ್ಲಿ ಕೂರದವಳು ಇಲ್ಲಿ, ಈ ಮಣೆಯ ಮೇಲೆ — ಹೊಟ್ಟೆ ಉರಿಯಿತು, ನನ್ನ ಬೆರಳು ಇಟ್ಟು ನೋಡಿದೆ, ಕೂರಲಿಲ್ಲ, ಗುಣಿ ಕಿರಿದು, ಮೇಘನಳಂಥ ಸಪೂರ ಬೆರಳಿನವು, ಮೂರು ಗುಣಿ, ಸಪೂರ ಬೆರಳಿನ ಮೂರು ಗುಣಿ