ಖಾಲಿ ಕಾರಿಗೆ ಯಜಮಾನ ಯಾರು?

ಕೆಲೆಪಿ ಒಮ್ಮೆ ಹಾರ್ನ್ ಒತ್ತಿದರೆ ಮೌಂಟ್ ಡ್ರೂಯಿಟ್‌ನಿಂದ ಸಿಡ್ನಿ ವಿಮಾನ ನಿಲ್ದಾಣದವರೆಗಿನ ಸಿಗ್ನಲ್ಲುಗಳೆಲ್ಲ ಬೆದರಿ ಹಸಿರಾಗುತ್ತಿದ್ದವು. ಇಳಿಯಲು ಬಂದ ವಿಮಾನಗಳು ಅವನ ಹಳೇ ಟೊಯೋಟಾಗೆ ದಾರಿ ಬಿಟ್ಟು ಆಕಾಶದಲ್ಲೇ ಎರಡು ಸುತ್ತು ಹೊಡೆಯುತ್ತಿದ್ದವು. ಗ್ಯಾರೇಜಿನಲ್ಲಿ ಕಾವಾ ಬೇರಿನ ಕಷಾಯ ಕುಡಿಯುತ್ತ ಕೂತ ಟೋಂಗಾದ ಗಂಡಸರಿಗೆ ಅವನೇ ಹೀಗೆ ಹೇಳುತ್ತಿದ್ದ.

ಇಂಥ ಶೂರನಿಗೆ ಆ್ಯಪಿನಲ್ಲಿ ಬಾಡಿಗೆ ಹಂಚುವ ಟ್ಯಾಕ್ಸಿ ಕಂಪನಿ ಕೊಟ್ಟಿದ್ದು ನಾಲ್ಕೇ ನಕ್ಷತ್ರ. ಬಾಯಿಸತ್ತ ಫಲಕಿಕೊಗೆ ಪೂರ್ತಿ ಐದು, ಮೇಲೊಂದು ಚಿನ್ನದ ಬಿಲ್ಲೆ! ಆ ಬಿಲ್ಲೆಯನ್ನು ಗೆಳೆಯನ ಫೋನಿನಲ್ಲಿ ಕಂಡ ದಿನ ಕೆಲೆಪಿಗೆ ಸುಟ್ಟ ಹಂದಿಯೂ ರುಚಿಸಲಿಲ್ಲ.

"ದೂರದ ಬಾಡಿಗೆಯೆಲ್ಲ ಅವ್ನಿಗೆ, ಸೀಟಲ್ಲಿ ಕಕ್ಕೋ ಕುಡುಕ್ರೆಲ್ಲ ನಂಗೆ," ಎಂದು ಗೊಣಗಿದವನು ಆಮೇಲೆ ಫಲಕಿಕೊನ ಹೆಗಲ ಮೇಲೆ ಕೈ ಹಾಕಿದ. "ಲೇ, ಖಾಲಿ ಕಾರು ವಾಪಸ್ ತರೋವಾಗ ಆ್ಯಪ್ ಆಫ್ ಮಾಡಿ ಆರ್ಸಿಬಿಡು. ಎಲ್ಲೋದ ನಮ್ ರಾಜ ಅಂತ ಕಂಪನಿ ಬಾಯ್ ಬಾಯ್ ಬಡ್ಕೋಬೇಕು. ಮತ್ತೆ ಹಚ್ಚಿದ ತಕ್ಷಣ ದೊಡ್ಡ ಬಾಡಿಗೆ ಬಂದು ಕಾಲಿಗೆ ಬೀಳ್ತದೆ. ನಾ ಮಾಡೋದೇ ಹಂಗೆ!"

ಫಲಕಿಕೊ ನಂಬಿದ. ವಿಮಾನ ನಿಲ್ದಾಣದಿಂದ ಖಾಲಿ ಬರುವಾಗ ಆ್ಯಪ್ ಆರಿಸಿದ. ಅದೇ ದಾರಿಯಲ್ಲಿ ತೂಕಡಿಸಿ ಒಂದು ಬೇಕರಿಯೊಳಗೆ ನುಗ್ಗಿದ. ಗೋಡೆ ಹೋಯಿತು, ಒಲೆ ಹೋಯಿತು. ಯಾರೂ ಸಾಯಲಿಲ್ಲ. ನಷ್ಟ ಕಟ್ಟದಿದ್ದರೆ ಮನೆಮಠ ಹರಾಜು ಎಂದು ಬೇಕರಿಯವನ ವಕೀಲ ಬರೆದ.

ಮೂವರೂ ಕಂಪನಿಯ ಆಫೀಸಿಗೆ ಹೋದರು: ಫಲಕಿಕೊ, ಅವನ ಹೆಂಡತಿ ಲೂಪೆ, ಗೆಳೆಯ ಕಂಪನಿಯ ಕೆಲಸದಲ್ಲೇ ಇದ್ದ ಎಂದು ಸಾಕ್ಷಿ ಹೇಳಲು ಕೆಲೆಪಿ.

"ಸೋಫಾ ಅತಿಥಿಗಳಿಗೆ. ನಿಂತೇ ಮಾತಾಡಿ," ಎಂದ ಅಧಿಕಾರಿ. "ಆ್ಯಪ್ ಆನ್ ಇದ್ದಿದ್ದರೆ ನಮ್ಮ ವಿಮೆ ಬರುತ್ತಿತ್ತು. ಆಫ್ ಮಾಡಿದ ಮೇಲೆ ನೀವು ಯಾರೋ, ನಾವು ಯಾರೋ."

ಅವನ ತಲೆಯ ಮೇಲೆ, ಗೋಡೆಯಲ್ಲಿ, ಫಲಕಿಕೊನ ದೊಡ್ಡ ಫೋಟೋ ಹಲ್ಲು ಬಿಡುತ್ತಿತ್ತು: ತಿಂಗಳ ಉತ್ತಮ ಚಾಲಕ. ಆ ಹೊತ್ತಲ್ಲೂ ಕೆಲೆಪಿ ಕತ್ತೆತ್ತಿ ಅದನ್ನೇ ನೋಡಿದ.

"ನಮ್ ಕಾರಿನ ವಿಮೆಯೋನು 'ನೀ ಬಾಡಿಗೆ ಹೊಡೀತಿದ್ದೆ, ಕೊಡಲ್ಲ' ಅಂತಾನೆ," ಎಂದಳು ಲೂಪೆ. "ನೀವು 'ಹೊಡೀತಿರ್ಲಿಲ್ಲ, ಕೊಡಲ್ಲ' ಅಂತೀರಿ. ಹಂಗಾರೆ ಬೇಕ್ರಿಗೆ ನುಗ್ಗಿದ್ದು ನನ್ ಗಂಡನ ದೆವ್ವಾನೇನೋ, ಬೋಳಿಮಗ್ನೇ?"

"ಊಟದ ಸಮಯ. ದಾರಿ ಬಿಡಿ."

ಲೂಪೆ ಗಾಜಿನ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತುಬಿಟ್ಟಳು.

"ಏಳಕ್ಕ, ಈ ಕಟ್ಟಡಾನೇ ಹೆಗಲ ಮೇಲೆ ಹೊತ್ಕಂಡೋಗಿ ಸಮುದ್ರಕ್ಕೆ ಎಸೀತೀನಿ!" ಎಂದು ಕೆಲೆಪಿ ಗುಡುಗಿದ.

"ಮುಚ್ಚಲೇ ಬಾಯಿ. ಆರ್ಸು ಅಂತ ಹೇಳ್ಕೊಟ್ಟೋನು ನೀನು. ಒಂದಿನಾನಾದ್ರೂ ಆರ್ಸಿದ್ದೀಯಾ? ನಿನ್ ಹೆಂಡ್ತೀನ ಕೇಳ್ದೆ. ಸ್ವಂತ ಮಾವನ ಹೆಣದ ಮುಂದೆ ಕೂತಾಗ್ಲೂ ಆರ್ಸ್ಲಿಲ್ವಂತೆ."

ಫಲಕಿಕೊ ತಿರುಗಿ ನೋಡಿದ. ಕೆಲೆಪಿಯ ಎರಡಾಳೆತ್ತರ ಅರ್ಧ ಮೊಳಕ್ಕಿಳಿಯಿತು. ಅವನು ಲೂಪೆಯ ಪಕ್ಕ, ಬಾಗಿಲಿನ ಉಳಿದರ್ಧ ಮುಚ್ಚುವಂತೆ, ಕುಸಿದು ಕೂತ.

"ಇಲ್ಲಕ್ಕ. ಒಂದಿನಾನೂ ಆರ್ಸಿಲ್ಲ. ಇವ್ನಿಗೆ ಬಾಡಿಗೆ ತಪ್ಲಿ ಅಂತ ಸುಳ್ ಹೇಳ್ದೆ. ಆ ಬಿಲ್ಲೆ ನಂಗ್ ಬೇಕಿತ್ತು." ಗೋಡೆಯ ಫೋಟೋದಿಂದ ಕಣ್ಣು ಕೀಳಲು ಅವನಿಗೆ ಆಗಲಿಲ್ಲ. "ಈಗ್ಲೂ ಬೇಕು."