ತಂತಿಬೇಲಿಯ ಪಾಠ

೧೯೯೩ರ ಅಕ್ಟೋಬರಿನ ಒಂದು ಭಾನುವಾರ ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಪದ್ಮನಾಭಯ್ಯ ದಂಪತಿಗಳು ಊರ ಹೊರಗೆ ಪಿಕ್‌ನಿಕ್‌ಗೆ ಹೋಗಿದ್ದರು. ಹಸುಗಳು ದಾಟದಂತೆ ಕರೆಂಟ್ ಬಿಟ್ಟಿದ್ದ ತಂತಿಬೇಲಿಯೊಂದನ್ನು ಕಂಡಿದ್ದೇ ಫಿಸಿಕ್ಸ್ ಮೇಷ್ಟ್ರಾದ ಪದ್ಮನಾಭಯ್ಯನವರಿಗೆ ಪಾಠ ಮಾಡುವ ಹುಮ್ಮಸ್ಸು ಬಂತು. ಕೇಳಲು ಇದ್ದವಳು ಹೆಂಡತಿ ಸುಲೋಚನಾ ಒಬ್ಬಳೇ. ಆಕೆ ಚಪ್ಪಲಿ ಬಿಟ್ಟು, ಮಳೆಗೆ ನೆಂದ ಹುಲ್ಲಿನ ಮೇಲೆ ನಿಂತು ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು.

“ಇದರಲ್ಲಿ ಸಾವಿರಾರು ವೋಲ್ಟ್ ಇರುತ್ತೆ ಕಣೇ. ಆದ್ರೆ ನಂದು ರಬ್ಬರ್ ಬೂಟು. ರೆಸಿಸ್ಟೆನ್ಸ್ ಜಾಸ್ತಿ, ಕರೆಂಟ್ ಹರಿಯೋದೇ ಇಲ್ಲ. ನೋಡು,” ಎಂದು ಮೇಷ್ಟ್ರು ತಂತಿ ಹಿಡಿದರು. ಏನೂ ಆಗಲಿಲ್ಲ. ಆಚೆಯ ಹಸುವೊಂದು ಮೇಯುವುದು ಬಿಟ್ಟು ಅವರನ್ನೇ ನೋಡಿತು.

“ಸಾಕು ಬಿಡ್ರೀ, ಕಾಫಿ ಆರಿಹೋಗುತ್ತೆ,” ಎಂದು ಸುಲೋಚನಾ ಲೋಟ ಚಾಚಿದಳು. ಅವರು ತಂತಿ ಬಿಡದೆಯೇ ಇನ್ನೊಂದು ಕೈಯಲ್ಲಿ ಲೋಟ ಹಿಡಿದರು.

ಮರುಕ್ಷಣ ಇಬ್ಬರೂ ಒಟ್ಟಿಗೆ ಕುಪ್ಪಳಿಸಿದರು. ಲೋಟ ಹಸುವಿನ ಕಡೆ ಹಾರಿತು, ಕಾಫಿಯೆಲ್ಲ ಮೇಷ್ಟ್ರ ಸ್ವೆಟರಿನ ಮೇಲೆ ಬಿತ್ತು.

ಎದೆಬಡಿತ ತಹಬಂದಿಗೆ ಬಂದಮೇಲೆ ಸುಲೋಚನಾ ಕೇಳಿದಳು, “ಹರಿಯೋದೇ ಇಲ್ಲ ಅಂದ್ರಲ್ಲ?”

“ನನ್ನ ಬೂಟಲ್ಲಿ ಹರೀಲಿಲ್ಲ. ವೋಲ್ಟೇಜ್ ಆಗಲೂ ಈಗಲೂ ಅಷ್ಟೇ. ಒದ್ದೆ ಹುಲ್ಲಲ್ಲಿ ನಿನ್ನ ಬರಿಗಾಲು ಸಿಕ್ತು, ರೆಸಿಸ್ಟೆನ್ಸ್ ಇಳೀತು, ಕರೆಂಟ್ ಏರ್ತು.”

“ಅಂದ್ರೆ ತಪ್ಪು ನನ್ನ ಕಾಲಿಂದು.”

ಸೂತ್ರದ ಪ್ರಕಾರ ಹೌದೆನ್ನಬೇಕಿತ್ತು. ಸಂಸಾರದ ಪ್ರಕಾರ ಮೇಷ್ಟ್ರು ಸ್ವೆಟರ್ ಒರೆಸಿಕೊಳ್ಳತೊಡಗಿದರು.

ಹೊರಡುವಾಗ ಅವರು ಕಾರಿನ ಕೀ ಕೇಳಿದರು. ಸುಲೋಚನಾ ಅದನ್ನು ನೆಲದ ಮೇಲಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು, “ತಗೊಳ್ಳಿ,” ಎಂದಳು.