ಅಗಲ ರಿಮ್ಮಿಗೆ ಸಪೂರ ಟೈರು

ಬಾಲು ತನ್ನ ಕಾರಿಗೆ ಅಗಲವಾದ ರಿಮ್ ಹಾಕಿಸಿ, ಅದರ ಮೇಲೆ ಸಪೂರ ಟೈರುಗಳನ್ನು ಎಳೆದು ಕೂರಿಸಿದ್ದ. ಗೆಳೆಯರೆಲ್ಲ ಹೊಗಳಿದರೂ ಅಕ್ಕ ದೀಪಶ್ರೀಗೆ ಮಾತ್ರ ಅವುಗಳ ಮೇಲೆ ನಂಬಿಕೆ ಬಂದಿರಲಿಲ್ಲ. ಆದರೂ ಪುಟ್ಟ ಮಗಳನ್ನು ಕರೆದುಕೊಂಡು ಹೊಸನಗರದಿಂದ ಸಾಗರಕ್ಕೆ ಅವನ ಜೊತೆ ಹೊರಟಳು.

ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಬಾಲು ಥಟ್ಟನೆ ಎಡಕ್ಕೆ ತಿರುಗಿಸಿದ. ಮುಂದಿನ ಚಕ್ರ ಗುಂಡಿಗೆ ಬಿದ್ದಿದ್ದೇ ತಡ, ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಂಡು ಗಾಳಿಯೆಲ್ಲ ಒಮ್ಮೆಗೇ ಹೋಯಿತು. ಸ್ಟೇರಿಂಗ್ ಅವನ ಕೈಗೆ ಸಿಗದೆ ಕಾರು ಕಂದಕದ ಕಡೆ ಎಳೆಯಿತು. ದೀಪಶ್ರೀ ಮಗಳನ್ನು ಅವುಚಿಕೊಂಡು ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಕಾರು ಕಂದಕದ ಅಂಚಿಗೆ ವಾಲಿಕೊಂಡು ನಿಂತಿತ್ತು.

ಎಲ್ಲರೂ ಇಳಿದ ಮೇಲೆ ಬಾಲು ಕಾರನ್ನು ಮೆಲ್ಲಗೆ ರಸ್ತೆಗೆ ತಂದು ಸ್ಟೆಪ್ನಿ ಹಾಕಿ, "ಹತ್ತಕ್ಕ, ನಿಧಾನಕ್ಕೆ ಹೋಗಣ" ಎಂದ.

"ಒಂದು ಬದಲಾಯ್ಸಿದೆ. ಉಳಿದ ಮೂರೂ ಹಂಗೇ ಇದಾವಲ್ಲೋ?"

"ಇಷ್ಟು ದಿನ ಏನೂ ಆಗಿರ್ಲಿಲ್ಲಕ್ಕ."

"ಇವತ್ತು ಆಯ್ತಲ್ಲ!"

ಅವಳು ಮಗಳನ್ನು ಎತ್ತಿಕೊಂಡು ಹೋಗಿ ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಳು. ಮಗು ಇನ್ನೂ ಬಿಕ್ಕುತ್ತಿತ್ತು. ಬಾಲು ಅದರ ಮುಖವನ್ನೇ ನೋಡಿದ. ಕೀಲಿ ಜೇಬಿಗಿಳಿಸಿ, ಕಾರು ಎಳೆದೊಯ್ಯುವ ಗಾಡಿಗೆ ಫೋನ್ ಮಾಡಿದ.

"ನೀವು ಹೋಗಿರಕ್ಕ," ಎಂದ. "ನಾಲ್ಕೂ ಬದಲಾಯ್ಸದೆ ನಾನಿದನ್ನ ಓಡಿಸಲ್ಲ."